ಸೂಪರ್‌ಹೀರೋಗೆ ಎಷ್ಟು ಕಂತು? 22ರಿಂದ 6ಕ್ಕೆ ಇಳಿದ ಲೆಕ್ಕದ ಹಿನ್ನೆಲೆ

2022ರ ಜುಲೈನಲ್ಲಿ ಸ್ಯಾನ್ ಡಿಯೇಗೊದ ಕಾಮಿಕ್-ಕಾನ್ ಎಂಬ ಅಭಿಮಾನಿಗಳ ಮೇಳದ ವೇದಿಕೆಯಲ್ಲಿ ಮಾರ್ವೆಲ್ ಸ್ಟುಡಿಯೋಸ್ ‘ಡೇರ್‌ಡೆವಿಲ್: ಬಾರ್ನ್ ಅಗೇನ್’ ಸರಣಿಯನ್ನು ಘೋಷಿಸಿದಾಗ, ಹೆಸರಿನಷ್ಟೇ ಸುದ್ದಿಯಾದದ್ದು ಜೊತೆಗೆ ಬಂದ ಒಂದು ಸಂಖ್ಯೆ: 18 ಕಂತು. ಅದಕ್ಕೆ ಹಿಂದಿನ ಒಂದೂವರೆ ವರ್ಷ ಇದೇ ಸಂಸ್ಥೆಯ ಸರಣಿಗಳು ಆರು ಕಂತಿಗೆ, ಹೆಚ್ಚೆಂದರೆ ಒಂಬತ್ತಕ್ಕೆ ಮುಗಿದುಹೋಗುತ್ತಿದ್ದವು. ಕೊನೆಗೆ 2025ರ ಮಾರ್ಚ್‌ನಲ್ಲಿ ಸರಣಿ ಬಂದಾಗ ಮೊದಲ ಸೀಸನ್ನಿನಲ್ಲಿ ಇದ್ದದ್ದು ಒಂಬತ್ತೇ ಕಂತು. ನಡುವೆ ಹಾಲಿವುಡ್ ಬರಹಗಾರರ ಮುಷ್ಕರ ಬಂದಿತ್ತು, ಒಂದಷ್ಟು ಚಿತ್ರೀಕರಣವಾದ ಮೇಲೆ ತಂಡ ಬದಲಾಗಿತ್ತು, ಕಥೆಯನ್ನು ಬಿಚ್ಚಿ ಮತ್ತೆ ಕಟ್ಟಲಾಗಿತ್ತು.

ಹತ್ತು ವರ್ಷಗಳಿಂದ ಈ ಸಂಖ್ಯೆಗಳನ್ನು ನೋಡುತ್ತ ಬಂದವರಿಗೆ ತಲೆ ಗಿರ್ರೆಂದರೆ ಆಶ್ಚರ್ಯವಿಲ್ಲ. ಮೊದಲು ‘22 ಕಂತು ಜಾಸ್ತಿ, ಕಥೆಯನ್ನು ಎಳೆಯುತ್ತಾರೆ’ ಎಂಬ ದೂರು ಇತ್ತು. ಆಮೇಲೆ 13 ಕೂಡ ಜಾಸ್ತಿಯಾಯಿತು. ಈಗ ಆರು ಸಾಲದು, ಶುರುವಾಗುವಷ್ಟರಲ್ಲಿ ಮುಗಿಯುತ್ತದೆ ಎನ್ನುತ್ತಾರೆ. ಮೂರು ದೂರುಗಳಲ್ಲೂ ಹುರುಳಿದೆ. ಆದರೆ ಯಾರೋ ಕಥೆಯ ಉದ್ದವನ್ನು ಅಳೆದು ನೋಡಿ ಕಂತುಗಳನ್ನು ಗೊತ್ತುಮಾಡುತ್ತಾರೆ ಎಂಬ ನಂಬಿಕೆ ಮೂರರ ಹಿಂದೆಯೂ ಇದೆ. ಹಾಗೆ ನಡೆದದ್ದು ಅಪರೂಪ. ಇಲ್ಲಿ ಅಂಗಿ ಮೊದಲು ಹೊಲಿದಿರುತ್ತದೆ, ಮೈ ಆಮೇಲೆ ಬರುತ್ತದೆ.

ಅಂಗಿಯ ಮೊದಲ ಅಳತೆ 13. ವರ್ಷಕ್ಕೆ 52 ವಾರ, ಅದರ ಕಾಲು ಭಾಗ 13. ಪ್ರಾಯೋಜಕರು ರೇಡಿಯೊ ಕಾಲದಿಂದಲೂ ಹೀಗೆ ಮೂರು ಮೂರು ತಿಂಗಳ ಲೆಕ್ಕದಲ್ಲಿ ಸಮಯ ಕೊಳ್ಳುತ್ತಿದ್ದರು. 1952ರಲ್ಲಿ ಶುರುವಾದ ‘ಅಡ್ವೆಂಚರ್ಸ್ ಆಫ್ ಸೂಪರ್‌ಮ್ಯಾನ್’ ಮೊದಲೆರಡು ಸೀಸನ್‌ಗಳಲ್ಲಿ 26 ಕಂತುಗಳನ್ನು, ಬಣ್ಣಕ್ಕೆ ತಿರುಗಿದ ಮೇಲಿನ ನಾಲ್ಕು ಸೀಸನ್‌ಗಳಲ್ಲಿ 13 ಕಂತುಗಳನ್ನು ತಂದಿತು, ಒಟ್ಟು 104. ಅಮೆರಿಕದ ಎಬಿಸಿ ವಾಹಿನಿಯ ‘ಬ್ಯಾಟ್‌ಮ್ಯಾನ್’ 1966ರ ಜನವರಿಯಲ್ಲಿ ವಾರಕ್ಕೆ ಎರಡು ಕಂತಿನಂತೆ ಬಂತು. ಬುಧವಾರ ನಾಯಕ ಸಾವಿನ ಬಾಯಿಗೆ ಸಿಕ್ಕಿಕೊಳ್ಳುತ್ತಿದ್ದ, ಗುರುವಾರ ಬಿಡಿಸಿಕೊಳ್ಳುತ್ತಿದ್ದ. ಎರಡನೇ ಸೀಸನ್ ಒಂದರಲ್ಲೇ 60 ಕಂತು. ಮೂರನೆಯದರಲ್ಲಿ ವಾರಕ್ಕೊಂದಕ್ಕೆ ಇಳಿದು, 1968ರ ಮಾರ್ಚ್‌ನಲ್ಲಿ ನಿಂತಾಗ ಲೆಕ್ಕ 120ಕ್ಕೆ ಬಂದಿತ್ತು. ಎರಡು ವರ್ಷ ಚಿಲ್ಲರೆ ಓಡಿದ ಸರಣಿ ದಶಕಗಟ್ಟಲೆ ಮರುಪ್ರಸಾರದಲ್ಲಿ ಬದುಕಿದ್ದಕ್ಕೆ ಅಷ್ಟು ಕಂತುಗಳ ದಾಸ್ತಾನು ಕೂಡ ಒಂದು ಕಾರಣ.

ಮರುಪ್ರಸಾರ ಎಂಬ ಮಾತನ್ನು ನೆನಪಿಟ್ಟುಕೊಳ್ಳಬೇಕು. ಅಮೆರಿಕದ ಪದ್ಧತಿಯಲ್ಲಿ ಸರಣಿಯನ್ನು ತಯಾರಿಸುವ ಸ್ಟುಡಿಯೋ ಬೇರೆ, ತೋರಿಸುವ ನೆಟ್‌ವರ್ಕ್ ಬೇರೆ. ನೆಟ್‌ವರ್ಕ್ ಕೊಡುವ ಶುಲ್ಕ ಸಾಮಾನ್ಯವಾಗಿ ತಯಾರಿಯ ಖರ್ಚಿಗಿಂತ ಕಡಿಮೆ. ಸ್ಟುಡಿಯೋ ವರ್ಷಗಟ್ಟಲೆ ಕೈಯಿಂದ ಹಾಕುತ್ತಿತ್ತು. ಸ್ಥಳೀಯ ಕೇಂದ್ರಗಳಿಗೆ ಮರುಪ್ರಸಾರದ ಹಕ್ಕು ಮಾರಿದಾಗ ಅದು ಬಡ್ಡಿಸಮೇತ ವಾಪಸು ಬರುತ್ತಿತ್ತು. ಆ ಕೇಂದ್ರಗಳು ವಾರಕ್ಕೆ ಐದು ದಿನ ತೋರಿಸುವುದರಿಂದ ನೂರು ಕಂತು ಇದ್ದರೆ 20 ವಾರ ನಿಶ್ಚಿಂತೆ. ವರ್ಷಕ್ಕೆ 22ರಂತೆ ನಾಲ್ಕು ಸೀಸನ್‌ಗೆ 88, ಐದನೆಯದರ ನಡುವೆ ನೂರು. ಹೀಗಾಗಿ ಐದನೇ ವರ್ಷ ಎಲ್ಲರ ಕಣ್ಣಿನ ಗುರಿ. ಮಕ್ಕಳ ಕಾರ್ಟೂನ್‌ಗಳಿಗೆ 65ರ ಲೆಕ್ಕ. 1992ರ ‘ಬ್ಯಾಟ್‌ಮ್ಯಾನ್: ದಿ ಅನಿಮೇಟೆಡ್ ಸೀರೀಸ್’‌ನ ಮೊದಲ ಆರ್ಡರ್ ಅಷ್ಟೇ ಇತ್ತು. 65 ಎಂದರೆ ವಾರಕ್ಕೈದರಂತೆ 13 ವಾರ. ಹಳೆಯ ಕಾಲು ವರ್ಷ ವೇಷ ಮರೆಸಿಕೊಂಡು ಅಲ್ಲೂ ಕೂತಿದೆ.

ಇನ್ನು 22 ಎಂಬುದು 13ಕ್ಕೆ ಒಂಬತ್ತು ಸೇರಿದ ಮೊತ್ತ. ಮೇ ತಿಂಗಳಲ್ಲಿ ಜಾಹೀರಾತುದಾರರ ಮುಂದೆ ಹೊಸ ಸರಣಿಗಳನ್ನು ಮೆರವಣಿಗೆ ಮಾಡಿ, ಮೊದಲು 13 ಕಂತು ತಯಾರಿಸಲು ಹೇಳುತ್ತಾರೆ. ಶರತ್ಕಾಲದಲ್ಲಿ ನಾಲ್ಕಾರು ಕಂತು ಪ್ರಸಾರವಾದ ಮೇಲೆ ರೇಟಿಂಗ್ ನೋಡಿ ಉಳಿದ ಒಂಬತ್ತಕ್ಕೆ ಒಪ್ಪಿಗೆ. ನವೆಂಬರ್, ಫೆಬ್ರುವರಿ, ಮೇ ತಿಂಗಳುಗಳು ಸ್ಥಳೀಯ ಕೇಂದ್ರಗಳ ಜಾಹೀರಾತು ದರ ಗೊತ್ತಾಗುವ, ಪ್ರೇಕ್ಷಕರ ಎಣಿಕೆಯ ತಿಂಗಳುಗಳು. ದೊಡ್ಡ ಕಾಳಗಗಳು, ಮದುವೆಗಳು, ಸಾವುಗಳು ಆಗಲೇ ಬರಬೇಕು. 2014ರ ಶರತ್ಕಾಲದಲ್ಲಿ ಈ ತಕ್ಕಡಿ ಹೇಗೆ ತೂಗಿತೆಂದು ನೋಡಿ: ಫಾಕ್ಸ್‌ನ ‘ಗಾಥಮ್’ 13ರಿಂದ 16ಕ್ಕೆ, 16ರಿಂದ 22ಕ್ಕೆ ಏರಿತು, ಎನ್‌ಬಿಸಿಯ ‘ಕಾನ್‌ಸ್ಟಂಟೀನ್’ ಶುರುವಾದ ಮರುತಿಂಗಳೇ 13ಕ್ಕೆ ನಿಲ್ಲಿಸುವ ತೀರ್ಮಾನವಾಯಿತು. ಅದೇ ‘ಗಾಥಮ್’‌ನ ಕೊನೆಯ ಸೀಸನ್‌ಗೆ 10 ಕಂತು ಎಂದಿದ್ದದ್ದು 12 ಆಯಿತು. ಯಾಕೆ? ಅದುವರೆಗೆ ಬಂದಿದ್ದವು 88. ಕೂಡಿಸಿ ನೋಡಿದರೆ ಉತ್ತರ ಸಿಗುತ್ತದೆ.

ಈ 22ರ ಒಳಗೆ ಕಥೆ ಹೇಗೆ ಉಸಿರಾಡುತ್ತಿತ್ತು? ಎಬಿಸಿಯ ‘ಏಜೆಂಟ್ಸ್ ಆಫ್ ಶೀಲ್ಡ್’‌ಗಿಂತ ಸ್ಪಷ್ಟ ಉದಾಹರಣೆ ಇಲ್ಲ. ಅದು ಶುರುವಾದದ್ದು 2013ರ ಸೆಪ್ಟೆಂಬರ್ 24ರಂದು. ಕಥೆಯ ಮುಖ್ಯ ತಿರುವೆಂದರೆ ಶೀಲ್ಡ್ ಎಂಬ ಗುಪ್ತಚರ ಸಂಸ್ಥೆಯೊಳಗೇ ಶತ್ರುಗಳು ತುಂಬಿದ್ದಾರೆ ಎಂಬುದು. ಆದರೆ ಆ ಗುಟ್ಟು ಒಡೆಯಬೇಕಾದದ್ದು ಅದೇ ಮಾರ್ವೆಲ್ ಕಥಾಲೋಕದ ‘ಕ್ಯಾಪ್ಟನ್ ಅಮೆರಿಕ: ದಿ ವಿಂಟರ್ ಸೋಲ್ಜರ್’ ಸಿನಿಮಾದಲ್ಲಿ, ಮತ್ತು ಅದು ಅಮೆರಿಕದಲ್ಲಿ ಬಿಡುಗಡೆಯಾದದ್ದು 2014ರ ಏಪ್ರಿಲ್ 4ರಂದು. ಒಂದು ಕಡೆ ಭರ್ತಿ ಮಾಡಲೇಬೇಕಾದ 22 ಮನೆಗಳು, ಇನ್ನೊಂದು ಕಡೆ ಅಲುಗದ ಒಂದು ತಾರೀಖು. ಹದಿನಾರು ಕಂತುಗಳ ಕಾಲ ಬರಹಗಾರರು ಬಾಯಿ ಕಟ್ಟಿಕೊಂಡು ಕೂತರು. ವಾರಕ್ಕೊಂದು ವಿಚಿತ್ರ ವಸ್ತು, ವಾರಕ್ಕೊಬ್ಬ ಸಣ್ಣ ಖಳ. ಏಪ್ರಿಲ್ 8ರ ಹದಿನೇಳನೇ ಕಂತಿನಲ್ಲಿ ಒಮ್ಮೆಲೇ ಕಟ್ಟೆ ಒಡೆಯಿತು. ಅಷ್ಟರೊಳಗೆ ಎದ್ದು ಹೋಗಿದ್ದ ಪ್ರೇಕ್ಷಕರು ‘ಏನೂ ನಡೆಯದ ಸರಣಿ’ ಎಂಬ ಹಣೆಪಟ್ಟಿ ಹಚ್ಚಿಯಾಗಿತ್ತು. ನಾಲ್ಕನೇ ಸೀಸನ್ ಹೊತ್ತಿಗೆ ಅದೇ ತಂಡ 22ನ್ನು ಎಂಟು, ಏಳು, ಏಳು ಎಂದು ಮೂರು ಕಥೆಗಳಾಗಿ ಒಡೆಯಿತು. ಅಂಗಿ ದೊಗಲೆಯಾದರೆ ಮೂರು ಕಡೆ ಮಡಿಕೆ ಹಾಕಿದಂತೆ. ಆ ಸೀಸನ್ ಇವತ್ತಿಗೂ ಅವರ ಅತ್ಯುತ್ತಮ ಕೆಲಸ ಎಂದು ನನ್ನ ಎಣಿಕೆ.

ಸಿಡಬ್ಲ್ಯೂ ನೆಟ್‌ವರ್ಕ್‌ನ ದಾರಿ ಬೇರೆಯೇ. 2012ರಲ್ಲಿ ‘ಆ್ಯರೋ’ ಮತ್ತು 2014ರಲ್ಲಿ ‘ದಿ ಫ್ಲ್ಯಾಶ್’ ಮೊದಲ ಸೀಸನ್‌ನಲ್ಲೇ 23 ಕಂತು ಮುಟ್ಟಿದವು. ಸಿಬಿಎಸ್‌ನಲ್ಲಿ 13ರಿಂದ 20ಕ್ಕೆ ಏರಿದ್ದ ‘ಸೂಪರ್‌ಗರ್ಲ್’ 2016ರಲ್ಲಿ ಇಲ್ಲಿಗೆ ವಲಸೆ ಬಂದು 22 ಪಡೆಯಿತು. ದೊಡ್ಡ ತಾರಾಬಳಗದ ‘ಲೆಜೆಂಡ್ಸ್ ಆಫ್ ಟುಮಾರೊ’ ಮಾತ್ರ ಎಂದೂ 18 ದಾಟಲಿಲ್ಲ. ರೇಟಿಂಗ್ ನೋಡಿದರೆ ಇವು ಇಷ್ಟು ವರ್ಷ ಉಳಿಯಬೇಕಾದ ಸರಣಿಗಳೇ ಅಲ್ಲ. ಆದರೆ ಸಿಡಬ್ಲ್ಯೂ ಆಗ ವಾರ್ನರ್ ಬ್ರದರ್ಸ್ ಮತ್ತು ಸಿಬಿಎಸ್ ಸಮಪಾಲಿನ ಒಡೆತನದಲ್ಲಿತ್ತು. ತಯಾರಿಸುವವರೂ ತೋರಿಸುವವರೂ ಒಂದೇ ಮನೆಯವರು. ಪ್ರಸಾರದಲ್ಲಿ ಹೋದದ್ದು ನೆಟ್‌ಫ್ಲಿಕ್ಸ್ ಮತ್ತು ವಿದೇಶಿ ಮಾರಾಟದಲ್ಲಿ ಬರುತ್ತಿತ್ತು. 2016ರ ಒಪ್ಪಂದದ ಪ್ರಕಾರ ಸೀಸನ್ನಿನ ಕೊನೆಯ ಕಂತು ಮುಗಿದ ಎಂಟು ದಿನಕ್ಕೆ ಪೂರ್ತಿ ಸೀಸನ್ ನೆಟ್‌ಫ್ಲಿಕ್ಸ್‌ನಲ್ಲಿ. ಕಂತು ಹೆಚ್ಚಿದಷ್ಟೂ ಮಾರುವ ಸರಕು ಹೆಚ್ಚು.

ತಯಾರಿಯ ಕಡೆಯಿಂದ ನೋಡಿದರೆ 23 ಎಂಬುದು ಒಂಬತ್ತು ತಿಂಗಳ ಓಟ. ಒಂದು ಕಂತಿಗೆ ಎಂಟೊಂಬತ್ತು ದಿನಗಳ ಚಿತ್ರೀಕರಣ. ಜುಲೈನಲ್ಲಿ ವ್ಯಾಂಕೂವರ್‌ನಲ್ಲಿ ಶುರುವಾದರೆ ಏಪ್ರಿಲ್‌ವರೆಗೆ ಬಿಡುವಿಲ್ಲ. ಅಕ್ಟೋಬರ್‌ನಲ್ಲಿ ಪ್ರಸಾರ ಆರಂಭವಾದಾಗ ಕೊನೆಯ ಕಂತುಗಳಿನ್ನೂ ಹಾಳೆಗೆ ಇಳಿದಿರುವುದಿಲ್ಲ. ದುಡ್ಡು ಎಲ್ಲ ಕಂತಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಗೊರಿಲ್ಲಾ ಗ್ರಾಡ್ ಎಂಬ ದೈತ್ಯ ವಾನರ ಖಳ ‘ದಿ ಫ್ಲ್ಯಾಶ್’‌ನಲ್ಲಿ ಅಪರೂಪದ ಅತಿಥಿಯಾಗಿದ್ದ. ಅವನ ಒಂದೊಂದು ರೋಮವನ್ನೂ ಗ್ರಾಫಿಕ್ಸ್‌ನಲ್ಲೇ ಮೂಡಿಸಬೇಕು. ಇಂಥವನು ಬಂದುಹೋದರೆ ಆ ಖರ್ಚು ತುಂಬಿಸಲು ಮುಂದೊಂದು ಕಂತು ಪ್ರಯೋಗಾಲಯದ ನಾಲ್ಕು ಗೋಡೆಗಳ ನಡುವೆ, ಮಾತಿನಲ್ಲೇ ಕಳೆಯಬೇಕು. ವೀಕ್ಷಕರು ‘ಜಾಗ ತುಂಬಿಸುವ ಕಂತು’ ಎಂದು ಬೈದವುಗಳಲ್ಲಿ ಅನೇಕವು ಹೀಗೆ ಹುಟ್ಟಿದವು.

ಆದರೆ ಆ ಜಾಗದಲ್ಲಿ ಬೆಳೆದದ್ದೂ ಇದೆ. 2017ರ ಡಿಸೆಂಬರ್‌ನಲ್ಲಿ ‘ಲೆಜೆಂಡ್ಸ್’‌ನ ಒಂದು ಕಂತಿನಲ್ಲಿ ಬೀಬೋ ಎಂಬ ನೀಲಿ ತುಪ್ಪಳದ ಮಾತಾಡುವ ಆಟಿಕೆ ಕಾಲ ತಪ್ಪಿ ವೈಕಿಂಗ್‌ಗಳ ಕೈಗೆ ಸಿಗುತ್ತದೆ. ಅವರು ಅದನ್ನೇ ದೇವರೆಂದು ಪೂಜೆಗೆ ಕೂರುತ್ತಾರೆ. ಸೀಸನ್ನಿನ ನಡುವಿನ ಒಂದು ತಮಾಷೆ, ಅಷ್ಟೆ. ಒಂಬತ್ತು ಕಂತು ಕಳೆದ ಮೇಲೆ, ಹದಿನೆಂಟನೇ ಕಂತಿನಲ್ಲಿ, ಸೀಸನ್ನಿನ ಮುಖ್ಯ ರಾಕ್ಷಸನ ಎದುರು ಆಕಾಶದೆತ್ತರಕ್ಕೆ ನಿಂತು ಬಡಿದಾಡಿದ್ದು ಅದೇ ಬೀಬೋ. ಆರು ಕಂತಿನ ಕಥೆಯಲ್ಲಿ ಈ ಆಟಿಕೆ ಮೊದಲ ಸಭೆಯಲ್ಲೇ ಬುಟ್ಟಿ ಸೇರುತ್ತಿತ್ತು.

13ರ ಕಡೆಗೆ ಬಂದರೆ, 2013ರ ನವೆಂಬರ್‌ನಲ್ಲಿ ಮಾರ್ವೆಲ್‌ನ ಒಡೆಯ ಡಿಸ್ನಿ ಮತ್ತು ನೆಟ್‌ಫ್ಲಿಕ್ಸ್ ಸೇರಿ, ತಲಾ 13 ಕಂತಿನ ನಾಲ್ಕು ಮಾರ್ವೆಲ್ ಸರಣಿಗಳನ್ನೂ ಅವುಗಳನ್ನು ಕೂಡಿಸುವ ಒಂದು ಕಿರುಸರಣಿಯನ್ನೂ ಘೋಷಿಸಿದವು. ವೇಳಾಪಟ್ಟಿಯ ಹಂಗೇ ಇಲ್ಲದ ಕಡೆ, ಎಲ್ಲ ಕಂತುಗಳನ್ನೂ ಒಂದೇ ದಿನ ಬಿಡುವ ಕಡೆ, ಕಾಲು ವರ್ಷದ ಲೆಕ್ಕ ಯಾಕೆ ಬೇಕಿತ್ತೋ! ‘ಡೇರ್‌ಡೆವಿಲ್’‌ಗೆ ಅದು ಹೊಂದಿತು. ಉಳಿದವುಗಳಲ್ಲಿ ಒಂಬತ್ತರಲ್ಲಿ ಮುಗಿಯಬಹುದಾದ ಕಥೆಗೆ ನಾಲ್ಕು ಕಂತು ನೀರು ಸೇರಿಸಿದ್ದು ಗೊತ್ತಾಗುತ್ತಿತ್ತು. ನಾಲ್ಕೂ ಸರಣಿಗಳ ನಾಯಕರು ಸೇರಿದ ‘ದಿ ಡಿಫೆಂಡರ್ಸ್’ ಎಂಟಕ್ಕೆ, ‘ಐರನ್ ಫಿಸ್ಟ್’‌ನ ಎರಡನೇ ಸೀಸನ್ ಹತ್ತಕ್ಕೆ ಇಳಿಯಿತು.

ಚಂದಾದ ಮೇಲೆ ನಡೆಯುವ ವೇದಿಕೆಗೆ ಮರುಪ್ರಸಾರದ ಸಂತೆಯೇ ಇಲ್ಲ. ನೂರರ ಗುರಿಗೂ ಅರ್ಥವಿಲ್ಲ. ಅದಕ್ಕೆ ಬೇಕಾದದ್ದು ಹೊಸ ಹೆಸರು, ಹೊಸ ಪೋಸ್ಟರ್. 2021ರಿಂದ ಡಿಸ್ನಿ ಪ್ಲಸ್‌ನಲ್ಲಿ ‘ವಾಂಡಾವಿಷನ್’‌ಗೆ ಒಂಬತ್ತು, ‘ಲೋಕಿ’, ‘ಹಾಕ್‌ಐ’, ‘ಮೂನ್ ನೈಟ್’‌ಗೆ ಆರಾರು. ಸಿನಿಮಾ ದರ್ಜೆಯ ಗ್ರಾಫಿಕ್ಸ್, ಸಿನಿಮಾ ತಾರೆಯರು, ಸಿನಿಮಾ ಖರ್ಚು. ಹಾಗಾಗಿ ಉದ್ದವೂ ಎರಡು ಮೂರು ಸಿನಿಮಾದಷ್ಟೇ. ಇದರ ಬಿಸಿ ತಟ್ಟಿದ್ದು ಬರಹಗಾರರಿಗೆ. 22 ಕಂತು ಎಂದರೆ ವರ್ಷದ ಕೆಲಸ. ಆರು ಕಂತು ಎಂದರೆ ಕೆಲವು ವಾರದ್ದು. 2023ರ ಮೇ 2ರಿಂದ ಸೆಪ್ಟೆಂಬರ್ 27ರವರೆಗಿನ ಮುಷ್ಕರದ ಬೇಡಿಕೆಗಳಲ್ಲಿ ಇದೂ ಒಂದಾಗಿತ್ತು. ಆರು ಕಂತಿನವರೆಗೆ ಕನಿಷ್ಠ ಮೂವರು, ಏಳರಿಂದ 12ಕ್ಕೆ ಐವರು, 13 ಮತ್ತು ಮೇಲ್ಪಟ್ಟದ್ದಕ್ಕೆ ಆರು ಬರಹಗಾರರು ಎಂದು ಒಪ್ಪಂದದಲ್ಲೇ ಬರೆಸಿಕೊಳ್ಳಬೇಕಾಯಿತು.

ಯಾರೂ ತೀರ್ಮಾನಿಸದೆ ಕಡಿತವಾದದ್ದೂ ಉಂಟು. 2007ರ ಬರಹಗಾರರ ಮುಷ್ಕರದಲ್ಲಿ ‘ಹೀರೋಸ್’ ಎರಡನೇ ಸೀಸನ್ 24ರ ಬದಲು 11ಕ್ಕೆ ತುಂಡಾಯಿತು. 2020ರಲ್ಲಿ ಕೋವಿಡ್ ಬಂದಾಗ 22ಕ್ಕೆ ಯೋಜಿಸಿದ್ದ ‘ದಿ ಫ್ಲ್ಯಾಶ್’ 19ಕ್ಕೆ ನಿಂತಿತು. 2022ರಲ್ಲಿ ಸಿಡಬ್ಲ್ಯೂದ ಬಹುಪಾಲು ಒಡೆತನ ಸ್ಥಳೀಯ ಟಿವಿ ಕೇಂದ್ರಗಳ ಕಂಪನಿ ನೆಕ್ಸ್‌ಸ್ಟಾರ್‌ಗೆ ಹೋಯಿತು. ಕೈ ಬದಲಾದಂತೆ ಲೆಕ್ಕವೂ ಬದಲಾಯಿತು. ‘ದಿ ಫ್ಲ್ಯಾಶ್’ 13 ಕಂತಿನ ಸೀಸನ್ನಿನೊಂದಿಗೆ 2023ರಲ್ಲಿ ಮುಗಿಯಿತು. ‘ಸೂಪರ್‌ಮ್ಯಾನ್ ಆ್ಯಂಡ್ ಲೋಯಿಸ್’ 15, 15, 13, 10 ಎಂದು ಮೆಟ್ಟಿಲಿಳಿಯಿತು. ಕೊನೆಯ ಸೀಸನ್‌ನಲ್ಲಿ ಖಾಯಂ ಕಲಾವಿದರಲ್ಲಿ ಹಲವರು ಕೆಲವೇ ಕಂತುಗಳಿಗೆ ಮುಖ ತೋರಿಸಿದರು.

‘ಬಾರ್ನ್ ಅಗೇನ್’‌ನ ಒಂಬತ್ತರಲ್ಲಿ ಮೊದಲನೆಯದು ಮತ್ತು ಕೊನೆಯ ಎರಡು ಹೊಸ ತಂಡದವು. ನಡುವಿನವು ಬಹುಪಾಲು ಹಳೆಯ ಯೋಜನೆಯ ಉಳಿಕೆ. ಐದನೇ ಕಂತಿನಲ್ಲಿ ಡೇರ್‌ಡೆವಿಲ್‌ನ ನಿಜರೂಪವಾದ ಕುರುಡ ವಕೀಲ ಮ್ಯಾಟ್ ಮರ್ಡಾಕ್ ಸಾಲ ಕೇಳಲು ಬ್ಯಾಂಕಿಗೆ ಹೋಗುತ್ತಾನೆ. ಅಲ್ಲಿ ಯೂಸುಫ್ ಖಾನ್ ಎಂಬ ಮಾತುಗಾರ ಅಧಿಕಾರಿ ವಿನಯದಿಂದಲೇ ಸಾಲ ಇಲ್ಲವೆನ್ನುತ್ತಾನೆ. ಮಗಳ ಬಗ್ಗೆ ಹೇಳಿಕೊಳ್ಳುತ್ತಾನೆ. ಅಷ್ಟರಲ್ಲಿ ದರೋಡೆಕೋರರು ನುಗ್ಗುತ್ತಾರೆ. ಸೀಸನ್ನಿನ ದೊಡ್ಡ ಕಥೆಗೆ ಇದರಿಂದ ಆಗುವ ಲಾಭ ಅಷ್ಟಕ್ಕಷ್ಟೆ. 18ರ ಸಾಲಿನಲ್ಲಿ ಸಹಜವಾಗಿ ಕೂರಬೇಕಿದ್ದ ಈ ಕಂತು ಒಂಬತ್ತರ ನಡುವೆ ದಾರಿ ತಪ್ಪಿ ಬಂದ ನೆಂಟನ ಹಾಗೆ ಕಾಣುತ್ತದೆ. ಆ ಸೀಸನ್ನಿನಲ್ಲಿ ನಾನು ಎರಡು ಸಲ ನೋಡಿದ ಕಂತು ಅದೊಂದೇ.