ಡೆಡ್ ಮನಿ: ಆಟಗಾರ ಹೋದ ಮೇಲೂ ಉಳಿಯುವ ಲೆಕ್ಕ

ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನಲ್ಲಿ ಮಾರ್ಚ್ ತಿಂಗಳು ಬಂತೆಂದರೆ ಒಂದು ವಾದ ಶುರುವಾಗುತ್ತದೆ. ತಂಡದಲ್ಲಿ ಒಂಬತ್ತು ಹತ್ತು ವರ್ಷ ಆಡಿದ, ಅಭಿಮಾನಿಗಳಿಗೆಲ್ಲ ಬೇಕಾದ ಒಬ್ಬ ಲೈನ್‌ಮನ್, ಅಂದರೆ ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಗಳನ್ನು ತಡೆಯುವ ಆಟಗಾರ, ಇರುತ್ತಾನೆ. ವಯಸ್ಸು 32 ದಾಟಿರುತ್ತದೆ. ಮೊಣಕಾಲು ಮೊದಲಿನ ಹಾಗಿರುವುದಿಲ್ಲ. ಸಂಬಳ ಮಾತ್ರ ವರ್ಷ ವರ್ಷ ಏರುತ್ತಿರುತ್ತದೆ. ಇವನನ್ನು ಇಟ್ಟುಕೊಳ್ಳಬೇಕೋ, ಕಳಿಸಬೇಕೋ? ಈ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಡೆಡ್ ಮನಿ ಜಾಸ್ತಿ ಇದೆ, ಬಿಡೋಕಾಗಲ್ಲ."

ಡೆಡ್ ಮನಿ ಅಂದರೆ, ಆಟಗಾರ ತಂಡ ಬಿಟ್ಟುಹೋದ ಮೇಲೂ ಆ ತಂಡದ ಸಂಬಳ ಮಿತಿಯಲ್ಲಿ ಜಾಗ ಹಿಡಿದುಕೊಂಡಿರುವ ಮೊತ್ತ. ಡೆಡ್ ಕ್ಯಾಪ್ ಅಂತಲೂ ಕರೆಯುತ್ತಾರೆ. ಆತ ಬೇರೆ ಊರಿನಲ್ಲಿ, ಬೇರೆ ಜೆರ್ಸಿ ಹಾಕಿಕೊಂಡು ಆಡುತ್ತಿರಬಹುದು. ಮನೆಯಲ್ಲಿ ಕೂತು ಮೊಮ್ಮಕ್ಕಳನ್ನು ಆಡಿಸುತ್ತಿರಲೂಬಹುದು. ಹಳೆಯ ತಂಡದ ಲೆಕ್ಕದಲ್ಲಿ ಅವನ ಹೆಸರು ಇದ್ದೇ ಇರುತ್ತದೆ.

ಇದು ಹೇಗೆ ಹುಟ್ಟುತ್ತದೆ ಅನ್ನುವುದಕ್ಕೆ ಮೊದಲು ಸಂಬಳ ಮಿತಿಯ ವಿಷಯ ಗೊತ್ತಿರಬೇಕು. ಎನ್‌ಎಫ್‌ಎಲ್‌ನಲ್ಲಿ ಒಂದು ತಂಡ ವರ್ಷಕ್ಕೆ ಆಟಗಾರರ ಮೇಲೆ ಎಷ್ಟು ಖರ್ಚು ತೋರಿಸಬಹುದು ಅನ್ನುವುದಕ್ಕೆ ಕಟ್ಟುನಿಟ್ಟಿನ ಮಿತಿ ಇದೆ. 1994ರಲ್ಲಿ ಶುರುವಾದಾಗ ಅದು 3.46 ಕೋಟಿ ಡಾಲರ್ ಇತ್ತು. 2025ರಲ್ಲಿ 27.92 ಕೋಟಿ ಡಾಲರ್ ಆಯಿತು. ಮಾಲೀಕ ಎಷ್ಟೇ ಶ್ರೀಮಂತನಾಗಿರಲಿ, ಇದನ್ನು ಮೀರುವ ಹಾಗಿಲ್ಲ.

ಡೆಡ್ ಮನಿಯ ಮೂಲ ಇರುವುದು ಸಹಿ ಬೋನಸ್‌ನಲ್ಲಿ. ಒಪ್ಪಂದಕ್ಕೆ ಸಹಿ ಹಾಕಿದಾಗ ಆಟಗಾರನಿಗೆ ದೊಡ್ಡ ಮೊತ್ತ ಕೊಡುತ್ತಾರೆ. ದುಡ್ಡು ಅವನ ಕೈ ಸೇರುವುದು ಬೇಗ. ಆದರೆ ಲೆಕ್ಕದಲ್ಲಿ ಅದನ್ನು ಹೆಚ್ಚೆಂದರೆ 5 ವರ್ಷಗಳಿಗೆ ಸಮನಾಗಿ ಹಂಚಿ ತೋರಿಸಲು ನಿಯಮ ಬಿಡುತ್ತದೆ. ತಂಡಗಳಿಗೆ ಇದು ಅನುಕೂಲ. ಈ ವರ್ಷದ ಮಿತಿಯಲ್ಲಿ ಜಾಗ ಉಳಿಯುತ್ತದೆ, ಇನ್ನೊಬ್ಬನನ್ನು ಕರೆತರಬಹುದು. ಆದರೆ 5 ವರ್ಷ ತುಂಬುವ ಮೊದಲೇ ಆಟಗಾರನನ್ನು ಕಳಿಸಿದರೆ, ಇನ್ನೂ ತೋರಿಸದೆ ಉಳಿದ ಕಂತುಗಳು ಮಾಯವಾಗುವುದಿಲ್ಲ. ಅವು ತಂಡದ ತಲೆಯ ಮೇಲೆಯೇ ಬೀಳುತ್ತವೆ. ಜೊತೆಗೆ, ಖಾತರಿ ಕೊಟ್ಟ ಸಂಬಳ ಏನಾದರೂ ಬಾಕಿ ಇದ್ದರೆ ಅದೂ ಸೇರುತ್ತದೆ.

ನಮ್ಮ ಐಪಿಎಲ್ ನೋಡಿ ಅಭ್ಯಾಸ ಇರುವವರಿಗೆ ಇದು ವಿಚಿತ್ರ ಅನ್ನಿಸಬಹುದು. ಅಲ್ಲಿ ಆಟಗಾರನನ್ನು ಬಿಟ್ಟರೆ ಅವನ ಪೂರ್ತಿ ಮೊತ್ತ ಪರ್ಸ್‌ಗೆ ವಾಪಸ್ ಬರುತ್ತದೆ. 2025ರ ಮೆಗಾ ಹರಾಜಿಗೆ ಮುಂಚೆ ಬೆಂಗಳೂರು ತಂಡ ಮೂವರನ್ನು 37 ಕೋಟಿ ರೂಪಾಯಿಗೆ ಉಳಿಸಿಕೊಂಡಿತು, 120 ಕೋಟಿಯಲ್ಲಿ ಉಳಿದ 83 ಕೋಟಿ ಹಿಡಿದು ಹರಾಜಿಗೆ ಹೋಯಿತು. ಬಿಟ್ಟುಕೊಟ್ಟ ಯಾರ ಹೆಸರಿನಲ್ಲೂ ಒಂದು ರೂಪಾಯಿ ಕಡಿತ ಆಗಲಿಲ್ಲ. ಎನ್‌ಎಫ್‌ಎಲ್‌ನಲ್ಲಿ ಅಷ್ಟು ಸಲೀಸಲ್ಲ.

ಲೆಕ್ಕ ಬಾಯಿಮಾತಿನಲ್ಲಿ ಹೇಳಿದರೆ ಮನಸ್ಸಿಗೆ ಹತ್ತುವುದಿಲ್ಲ. ಲೋಗನ್ ಮ್ಯಾಂಕಿನ್ಸ್ ಕಥೆಯಲ್ಲಿ ಅದು ಚೆನ್ನಾಗಿ ಕಾಣುತ್ತದೆ.

ಮ್ಯಾಂಕಿನ್ಸ್ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದ ಗಾರ್ಡ್. ಅಂದರೆ ಆಕ್ರಮಣ ಸಾಲಿನ ಐವರಲ್ಲಿ ಒಬ್ಬರು. ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಚೆಂಡು ಎಸೆಯುವವರೆಗೂ ಎದುರಾಳಿಗಳನ್ನು ತಡೆದು ನಿಲ್ಲಿಸುವುದು ಅವರ ಕೆಲಸ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2005ರ ಮೊದಲ ಸುತ್ತಿನಲ್ಲಿ ಬಂದವರು. 2011ರ ಇಡೀ ಸೀಸನ್ ಮೊಣಕಾಲಿನ ಲಿಗಮೆಂಟ್ ಹರಿದಿದ್ದರೂ ಆಡಿದರು ಅನ್ನುವುದು ಆಮೇಲೆ ಗೊತ್ತಾಯಿತು. ಆ ವರ್ಷವೇ ಅವರು 6 ವರ್ಷಕ್ಕೆ 5.1 ಕೋಟಿ ಡಾಲರ್‌ನ ಒಪ್ಪಂದಕ್ಕೆ ಸಹಿ ಹಾಕಿದ್ದರು. ಅದರಲ್ಲಿ ಸಹಿ ಬೋನಸ್ 2 ಕೋಟಿ. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 40 ಲಕ್ಷ ಡಾಲರ್, 2011ರಿಂದ 2015ರವರೆಗೆ.

2014ರ ಬೇಸಿಗೆ ಬಂತು. ಮ್ಯಾಂಕಿನ್ಸ್‌ಗೆ 32 ವರ್ಷ. ಆ ವರ್ಷದ ಸಂಬಳ 62.5 ಲಕ್ಷ ಡಾಲರ್. ಸಂಬಳ ಕಡಿಮೆ ಮಾಡಿಕೊಳ್ಳಿ ಎಂದು ತಂಡ ಕೇಳಿತು, ಅವರು ಒಪ್ಪಲಿಲ್ಲ ಎಂದು ಆಗ ವರದಿಯಾಗಿತ್ತು. ಆಗಸ್ಟ್ ಕೊನೆಯಲ್ಲಿ, ಸೀಸನ್ ಶುರುವಾಗಲು ಎರಡು ವಾರ ಇರುವಾಗ, ಕೋಚ್ ಬಿಲ್ ಬೆಲಿಚಿಕ್ ಅವರನ್ನು ಟ್ಯಾಂಪಾ ಬೇ ಬಕನೀರ್ಸ್‌ಗೆ ಕೊಟ್ಟುಬಿಟ್ಟರು. ಬದಲಿಗೆ ಸಿಕ್ಕಿದ್ದು ಟಿಮ್ ರೈಟ್ ಎಂಬ ಯುವ ಆಟಗಾರ ಮತ್ತು ನಾಲ್ಕನೇ ಸುತ್ತಿನ ಒಂದು ಡ್ರಾಫ್ಟ್ ಅವಕಾಶ.

ಈಗ ಲೆಕ್ಕ ನೋಡಿ. ಬೋನಸ್‌ನಲ್ಲಿ ಉಳಿದಿದ್ದು ಎರಡು ಕಂತು: 2014ರದ್ದು 40 ಲಕ್ಷ, 2015ರದ್ದು 40 ಲಕ್ಷ. ಎರಡೂ ಸೇರಿ 80 ಲಕ್ಷ ಡಾಲರ್ ಡೆಡ್ ಮನಿ. ಕೇಳಲು ಭಾರೀ ನಷ್ಟ ಅನ್ನಿಸುತ್ತದೆ, ಅಲ್ವಾ? ಆದರೆ 2014ರ 40 ಲಕ್ಷ ಮ್ಯಾಂಕಿನ್ಸ್ ಇದ್ದರೂ ಲೆಕ್ಕಕ್ಕೆ ಬರುತ್ತಿತ್ತು, ಹೋದರೂ ಬಂತು. 2015ರದ್ದೂ ಅಷ್ಟೆ. ಆ ದುಡ್ಡು 2011ರಲ್ಲೇ ಅವರಿಗೆ ಕೊಟ್ಟಾಗಿತ್ತು. ತಂಡದ ಕೈಯಲ್ಲಿ ನಿಜವಾಗಿ ಇದ್ದ ತೀರ್ಮಾನ ಒಂದೇ: ಇನ್ನೂ ಕೊಡದಿರುವ 62.5 ಲಕ್ಷ ಸಂಬಳವನ್ನು ಕೊಡಬೇಕೋ ಬೇಡವೋ.

"ಡೆಡ್ ಮನಿ ಇದೆ, ಬಿಡೋಕಾಗಲ್ಲ" ಅನ್ನುವ ಮಾತು ಹೆಚ್ಚಿನ ಸಲ ತಪ್ಪು ಅಂತ ನಾನು ಹೇಳುವುದು ಇದಕ್ಕೇ. ಕೊಟ್ಟಾಗಿರುವ ದುಡ್ಡು ಇಟ್ಟುಕೊಂಡರೂ ವಾಪಸ್ ಬರುವುದಿಲ್ಲ, ಬಿಟ್ಟರೂ ಹೆಚ್ಚಾಗುವುದಿಲ್ಲ. ಬದಲಾಗುವುದು ಯಾವ ವರ್ಷ ತೋರಿಸಬೇಕು ಅನ್ನುವುದಷ್ಟೇ. ಹಾಗಂತ ಆ ಸಮಯದ ವಿಷಯ ಸಣ್ಣದೇನಲ್ಲ. ಜೂನ್ 1ಕ್ಕಿಂತ ಮುಂಚೆ ಆಟಗಾರನನ್ನು ಕಳಿಸಿದರೆ ಸಾಮಾನ್ಯವಾಗಿ ಉಳಿದ ಕಂತುಗಳೆಲ್ಲ ಒಟ್ಟಿಗೆ ಆ ವರ್ಷಕ್ಕೇ ಬೀಳುತ್ತವೆ. ಜೂನ್ 1ರ ನಂತರವಾದರೆ ಈ ವರ್ಷದ ಕಂತು ಈ ವರ್ಷಕ್ಕೆ, ಮಿಕ್ಕಿದ್ದೆಲ್ಲ ಮುಂದಿನ ವರ್ಷಕ್ಕೆ. ಮ್ಯಾಂಕಿನ್ಸ್ ಲೆಕ್ಕ ಎರಡು ವರ್ಷಕ್ಕೆ ಸಮನಾಗಿ ಒಡೆದದ್ದು ಆಗಸ್ಟ್‌ನಲ್ಲಿ ಕಳಿಸಿದ್ದರಿಂದಲೇ. ನಿವೃತ್ತಿಗೂ ಇದೇ ನಿಯಮ. ಹಾಗಾಗಿ ಮಾರ್ಚ್‌ನಲ್ಲಿ ವಿದಾಯ ಹೇಳಿದ ಎಷ್ಟೋ ಆಟಗಾರರ ಕಾಗದಪತ್ರ ಜೂನ್ ದಾಟಿದ ಮೇಲೆ ಸಲ್ಲಿಕೆಯಾಗುತ್ತದೆ.

ಒಂದೇ ವರ್ಷಕ್ಕೆ ತಡೆಯಲಾಗದಷ್ಟು ಮೊತ್ತ ಬಿದ್ದರೆ ಮಾತ್ರ ಡೆಡ್ ಮನಿ ನಿಜವಾದ ಅಡ್ಡಿ. ಆಗಲೂ ತಂಡಗಳು ಧೈರ್ಯ ಮಾಡುವುದುಂಟು. ಡೆನ್ವರ್ ತಂಡ 2024ರಲ್ಲಿ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಅವರನ್ನು ಬಿಟ್ಟಾಗ ಎರಡು ವರ್ಷಕ್ಕೆ ಸೇರಿ ಸುಮಾರು 8.5 ಕೋಟಿ ಡಾಲರ್ ಡೆಡ್ ಮನಿ ಹೊತ್ತುಕೊಂಡಿತು. ಅಲ್ಲಿಯವರೆಗೆ ಅಷ್ಟು ಯಾರೂ ಹೊತ್ತಿರಲಿಲ್ಲ. ಆದರೂ ಆ ತಂಡ ಅದೇ ಸೀಸನ್‌ನಲ್ಲಿ ಪ್ಲೇಆಫ್‌ಗೆ ಹೋಯಿತು.

ಲೆಕ್ಕ ಇಷ್ಟು ಸ್ಪಷ್ಟ ಇದ್ದರೂ ಲೈನ್‌ಮನ್ ವಿಷಯದಲ್ಲಿ ತೀರ್ಮಾನ ಯಾಕೆ ಕಷ್ಟ? ಯಾಕೆಂದರೆ ಅವರ ಕೆಲಸ ಅಂಕಿಅಂಶದಲ್ಲಿ ಸಿಗುವುದಿಲ್ಲ. ಓಡಿದ ಗಜಗಳಿಲ್ಲ, ಟಚ್‌ಡೌನ್‌ಗಳಿಲ್ಲ. ಅವರು ಚೆನ್ನಾಗಿ ಆಡಿದ ದಿನ ಯಾರೂ ಗಮನಿಸುವುದೇ ಇಲ್ಲ. ಮೇಲಾಗಿ ಆ ಐವರು ಒಟ್ಟಾಗಿ ಹೆಜ್ಜೆ ಹಾಕಬೇಕು. ಎದುರಾಳಿ ಜಾಗ ಬದಲಿಸಿದರೆ ಪಕ್ಕದವನಿಗೆ ಬಿಟ್ಟುಕೊಡಬೇಕು, ಅವನು ಕೇಳದೆಯೇ ಹಿಡಿದುಕೊಳ್ಳಬೇಕು. ಆ ಹೊಂದಾಣಿಕೆ ಬರುವುದು ವರ್ಷಗಟ್ಟಲೆ ಜೊತೆಗೆ ಆಡಿದ ಮೇಲೆ. ಅದಕ್ಕೆ ಸಂಬಳ ಮಿತಿಯ ಲೆಕ್ಕದಲ್ಲಿ ಕಾಲಂ ಇಲ್ಲ.

ಮ್ಯಾಂಕಿನ್ಸ್ ಹೋದ ಮೇಲೆ ಇದು ಚೆನ್ನಾಗಿಯೇ ಕಂಡಿತು. ಪೇಟ್ರಿಯಟ್ಸ್ ಸಾಲು ಮೊದಲ ತಿಂಗಳು ತಡಬಡಾಯಿಸಿತು. ಬ್ರೇಡಿಗೆ ಚೆಂಡು ಎಸೆಯಲು ಸಮಯವೇ ಸಿಗುತ್ತಿರಲಿಲ್ಲ. ಸೆಪ್ಟೆಂಬರ್ 29ರಂದು ಕನ್ಸಾಸ್ ಸಿಟಿಯಲ್ಲಿ 41-14ರಿಂದ ಸೋತರು. ಬ್ರೇಡಿ ಕಾಲ ಮುಗಿಯಿತಾ ಅನ್ನುವ ಮಾತು ಶುರುವಾಯಿತು. ಆಮೇಲೆ ಸಾಲು ನಿಧಾನಕ್ಕೆ ಕೂಡಿಕೊಂಡಿತು. ಅದೇ ಸೀಸನ್‌ನ ಕೊನೆಗೆ, 2015ರ ಫೆಬ್ರವರಿಯಲ್ಲಿ, ಸಿಯಾಟಲ್ ಮೇಲೆ 28-24ರಿಂದ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಗೆದ್ದರು. ಟ್ಯಾಂಪಾದಿಂದ ಸಿಕ್ಕ ಆ ನಾಲ್ಕನೇ ಸುತ್ತಿನ ಅವಕಾಶದಲ್ಲಿ ಟ್ರೇ ಫ್ಲವರ್ಸ್ ಬಂದರು. ಎರಡು ವರ್ಷದ ಮೇಲೆ ಅಟ್ಲಾಂಟಾ ವಿರುದ್ಧದ ಸೂಪರ್ ಬೌಲ್‌ನಲ್ಲಿ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಕೊನೆ ಹೊತ್ತಿನಲ್ಲಿ ಹಿಡಿದು ಕೆಡವಿದ್ದು ಅದೇ ಫ್ಲವರ್ಸ್. ಮ್ಯಾಂಕಿನ್ಸ್ ಆಡಿದ ಎರಡು ಸೂಪರ್ ಬೌಲ್‌ಗಳಲ್ಲೂ ತಂಡ ಸೋತಿತ್ತು. 2015ರ ಸೀಸನ್ ಮುಗಿದ ಮೇಲೆ, ಸೂಪರ್ ಬೌಲ್ ಗೆದ್ದವರಿಗೆ ಸಿಗುವ ಉಂಗುರ ಇಲ್ಲದೆಯೇ ನಿವೃತ್ತರಾದರು. ತಂಡದ ಲೆಕ್ಕ ಸರಿಯಾಗಿತ್ತು ಅಂತ ನಾನು ಒಪ್ಪುತ್ತೇನೆ. ಆದರೂ ಹರಿದ ಮೊಣಕಾಲಿನಲ್ಲಿ ಇಡೀ ವರ್ಷ ನಿಂತವರಿಗೆ ಇನ್ನೊಂದು ಸೀಸನ್ ಸಿಗಬೇಕಿತ್ತು ಅನ್ನಿಸುವುದು ತಪ್ಪುವುದಿಲ್ಲ.

ಇದಕ್ಕಿಂತ ಚೆನ್ನಾಗಿ ನಡೆದುಕೊಂಡಿದ್ದು ಫಿಲಡೆಲ್ಫಿಯಾ ಈಗಲ್ಸ್. ಅವರ ಸೆಂಟರ್, ಅಂದರೆ ಸಾಲಿನ ನಡುವೆ ನಿಲ್ಲುವ ಆಟಗಾರ, ಜೇಸನ್ ಕೆಲ್ಸಿ 2011ರಲ್ಲಿ ಆರನೇ ಸುತ್ತಿನಲ್ಲಿ ಬಂದು 13 ಸೀಸನ್ ಅದೇ ತಂಡಕ್ಕೆ ಆಡಿದರು. 2022ರಲ್ಲಿ ತಂಡ ಎರಡನೇ ಸುತ್ತಿನಲ್ಲಿ ಕ್ಯಾಮ್ ಜರ್ಗನ್ಸ್ ಎಂಬ ಹುಡುಗನನ್ನು ಆರಿಸಿಕೊಂಡಿತು. ತನ್ನ ಜಾಗಕ್ಕೆ ಬರುವವನನ್ನು ಗುರುತಿಸಲು ಕೆಲ್ಸಿಯೇ ನೆರವಾಗಿದ್ದರು. ಜರ್ಗನ್ಸ್ ಒಂದು ವರ್ಷ ಹಿಂದೆ ಕೂತು ಕಲಿತ, ಇನ್ನೊಂದು ವರ್ಷ ಪಕ್ಕದ ಗಾರ್ಡ್ ಜಾಗದಲ್ಲಿ ಆಡಿದ. 2024ರ ಮಾರ್ಚ್‌ನಲ್ಲಿ ಕೆಲ್ಸಿ ವಿದಾಯ ಹೇಳಿದಾಗ ಸೆಂಟರ್ ಜಾಗ ಒಂದು ದಿನವೂ ಖಾಲಿ ಇರಲಿಲ್ಲ. ಮುಂದಿನ ಫೆಬ್ರವರಿಯಲ್ಲಿ ಜರ್ಗನ್ಸ್ ನಡುವೆ ನಿಂತ ಆ ಸಾಲು ಸೂಪರ್ ಬೌಲ್ ಗೆದ್ದಿತು. ಹಳೆಯ ಲೈನ್‌ಮನ್‌ನನ್ನು ಬಿಡಬೇಕಾ ಅನ್ನುವುದಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆ ಡೆಡ್ ಮನಿ ಎಷ್ಟು ಅನ್ನುವುದಲ್ಲ. ಅವನ ಪಕ್ಕದಲ್ಲಿ ಯಾರು ಕಲಿಯುತ್ತಿದ್ದಾರೆ ಅನ್ನುವುದು.

ಬೇಗ ಬಿಟ್ಟರೆ ಆಗುವ ನಷ್ಟಕ್ಕೂ ಉದಾಹರಣೆ ಇದೆ. ಟ್ರೆಂಟ್ ವಿಲಿಯಮ್ಸ್ ವಾಷಿಂಗ್ಟನ್ ತಂಡದ ಲೆಫ್ಟ್ ಟ್ಯಾಕಲ್, ಅಂದರೆ ಸಾಲಿನ ಎಡತುದಿ ಕಾಯುವವರು, ಆಗಿದ್ದರು. ಚಿಕಿತ್ಸೆಯ ವಿಚಾರದಲ್ಲಿ ತಂಡದ ಜೊತೆ ಮನಸ್ತಾಪವಾಗಿ 2019ರಲ್ಲಿ ಆಡಲೇ ಇಲ್ಲ. 2020ರಲ್ಲಿ ಅವರನ್ನು ಒಂದು ಐದನೇ ಸುತ್ತಿನ ಮತ್ತು ಒಂದು ಮೂರನೇ ಸುತ್ತಿನ ಡ್ರಾಫ್ಟ್ ಅವಕಾಶಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್‌ಗೆ ಕೊಟ್ಟರು. ಆಗ ವಯಸ್ಸು 31. ಅಲ್ಲಿ ಅವರು 2021, 2022, 2023, ಮೂರೂ ವರ್ಷ ಲೀಗ್‌ನ ಆಲ್-ಪ್ರೊ, ಅಂದರೆ ವರ್ಷದ ಅತ್ಯುತ್ತಮ ಆಟಗಾರರ ಪಟ್ಟಿಯ, ಮೊದಲ ತಂಡದಲ್ಲಿದ್ದರು. ವಾಷಿಂಗ್ಟನ್‌ನಲ್ಲಿ ಅದು ಒಮ್ಮೆಯೂ ಸಿಕ್ಕಿರಲಿಲ್ಲ. 2024ರಲ್ಲಿ, 36ನೇ ವಯಸ್ಸಿನಲ್ಲಿ, ಹೊಸ ಒಪ್ಪಂದ ಬೇಕು ಅಂತ ಅವರು ಅಭ್ಯಾಸಕ್ಕೆ ಬರದೆ ಉಳಿದರು. ಸೀಸನ್ ಶುರುವಾಗುವ ಮುಂಚೆ ತಂಡ ಒಪ್ಪಂದವನ್ನು ಬದಲಿಸಿ ಹೆಚ್ಚು ದುಡ್ಡು ಕೊಟ್ಟಿತು. ಆ ವಯಸ್ಸಿನವರಿಗೆ ಕೊಡುವ ಬೋನಸ್ ಮುಂದೆ ಡೆಡ್ ಮನಿಯಾಗಿ ಬರುತ್ತದೆ ಅನ್ನುವುದು ಅವರ ಲೆಕ್ಕಿಗರಿಗೆ ಗೊತ್ತೇ ಇತ್ತು. ಆ ವರ್ಷ ಎಡಭಾಗ ಕಾಯಲು ಅಂಥ ಇನ್ನೊಬ್ಬ ಅವರ ಬಳಿ ಇರಲಿಲ್ಲ.