ಪತ್ತನಾಜೆ ಮತ್ತು ಮಾರ್ಚ್ 31

ಕರಾವಳಿಯ ಕೆಲವು ಯಕ್ಷಗಾನ ಮೇಳಗಳ, ಯುವಕ ಮಂಡಲಗಳ ಲೆಕ್ಕ ಪರಿಶೋಧಿಸುವುದು ನನ್ನ ವೃತ್ತಿ. ಮೇ ಕೊನೆಯಲ್ಲಿ ಪತ್ತನಾಜೆ, ಅಂದರೆ ಮೇಳಗಳ ತಿರುಗಾಟ ಮುಗಿಯುವ ದಿನ, ಬಂದು ಗೆಜ್ಜೆ ಬಿಚ್ಚಿದ ಮೇಲೆ ಮೇಳದ ಯಜಮಾನರೊಬ್ಬರು ಚೀಲದ ತುಂಬ ರಸೀದಿ ತಂದು ನನ್ನ ಮೇಜಿನ ಮೇಲೆ ಸುರಿಯುತ್ತಾರೆ. "ಇಡೀ ತಿರುಗಾಟದ ಲೆಕ್ಕ ಇದರಲ್ಲಿದೆ, ನೋಡಿ" ಎನ್ನುತ್ತಾರೆ. ಇರುತ್ತದೆ, ಸುಳ್ಳಲ್ಲ. ಆದರೆ ಅನುದಾನ ಕೊಡುವ ದೆಹಲಿ ಕೇಳುವ ಲೆಕ್ಕ ಅದಲ್ಲ.

ಮೇಳದ ವರ್ಷ ದೀಪಾವಳಿಯ ಆಸುಪಾಸಿನಲ್ಲಿ ಹುಟ್ಟಿ ಪತ್ತನಾಜೆಗೆ ಮುಗಿಯುತ್ತದೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಹೀಗಾಗಿ ಒಂದೇ ತಿರುಗಾಟ ಎರಡು ಹಣಕಾಸು ವರ್ಷಗಳ ನಡುವೆ ಸೀಳಿಹೋಗುತ್ತದೆ. ಏಪ್ರಿಲ್, ಮೇ ತಿಂಗಳ ಆಟಗಳ, ಎಂದರೆ ಯಕ್ಷಗಾನ ಪ್ರದರ್ಶನಗಳ, ಖರ್ಚನ್ನು ಹಿಂದಿನ ವರ್ಷದ ಅನುದಾನಕ್ಕೆ ಬರೆದರೆ ಆಕ್ಷೇಪಣೆ ಬಾರದೇ ಇರುವುದಿಲ್ಲ. ಕಲಾವಿದ ಕುಣಿದದ್ದು ನಿಜ, ಸಂಭಾವನೆ ಕೊಟ್ಟದ್ದೂ ನಿಜ. ತಪ್ಪಿದ್ದು ತಾರೀಕು ಮಾತ್ರ.

ಆ ಸಚಿವಾಲಯದ ಗುರು-ಶಿಷ್ಯ ಪರಂಪರೆಯ ಅನುದಾನ ಯೋಜನೆಯನ್ನೇ ನೋಡಿ. ಪರಿಷ್ಕೃತ ನಿಯಮದಂತೆ ಗುರುವಿಗೆ ತಿಂಗಳಿಗೆ 15,000 ರೂಪಾಯಿ, 18 ದಾಟಿದ ಶಿಷ್ಯನಿಗೆ 10,000. ಸಣ್ಣ ತಂಡಕ್ಕೆ ಇದು ದೊಡ್ಡ ಆಸರೆ. ಆದರೆ ಕೊಟ್ಟ ಹಣ ಕೊಟ್ಟ ಉದ್ದೇಶಕ್ಕೇ ಹೋಯಿತು ಎಂಬುದಕ್ಕೆ ಹಣ ಬಳಕೆ ಪ್ರಮಾಣಪತ್ರ, ನಾವೆಲ್ಲ ಯು.ಸಿ. ಎನ್ನುವುದು, ಸಲ್ಲಬೇಕು. 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಅದಕ್ಕೆ 12-ಎ ಎಂಬ ನಮೂನೆ ಇದೆ. ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಕೊಡಬೇಕು. ಹಳೆಯ ಯು.ಸಿ. ಬಾಕಿ ಇದ್ದರೆ ಹೊಸ ಕಂತಿನ ಆಸೆ ಬಿಡಬೇಕು, ಭಾಗವತರ ಕಂಠ ಎಷ್ಟೇ ಚೆನ್ನಾಗಿರಲಿ.

ಜನ ಎಡವುವುದು ಬಡ್ಡಿಯಲ್ಲಿ. ಅನುದಾನ ಉಳಿತಾಯ ಖಾತೆಯಲ್ಲಿ ಕುಳಿತಷ್ಟು ದಿನ ಬಡ್ಡಿ ಬೆಳೆಯುತ್ತದೆ. ಆ ಬಡ್ಡಿ ಮೇಳದ್ದಲ್ಲ, ಸರಕಾರಕ್ಕೆ ಮರಳಿ ಕಟ್ಟತಕ್ಕದ್ದು. ನನ್ನ ಕಕ್ಷಿದಾರರೊಬ್ಬರ ಕಡತ ಐನೂರು ರೂಪಾಯಿಯೂ ಆಗದ ಬಡ್ಡಿಗಾಗಿ ವಾಪಸು ಬಂದಿತ್ತು. ದೇವಸ್ಥಾನದ ವಂತಿಗೆ, ಆಟಕ್ಕೆ ಸಿಗುವ ವೀಳ್ಯದ ಹಣ, ಅನುದಾನ ಎಲ್ಲವೂ ಒಂದೇ ಖಾತೆಯಲ್ಲಿ ಕಲಸಿದ್ದರಿಂದ ಯಾವುದರ ಬಡ್ಡಿ ಎಷ್ಟೆಂದು ಬಿಡಿಸಲು ನನಗೆ ಮೂರು ದಿನ ಹಿಡಿಯಿತು. ನನ್ನ ಶುಲ್ಕ ಆ ಬಡ್ಡಿಗಿಂತ ಹೆಚ್ಚಾಯಿತು ಎಂಬುದನ್ನು ಯಜಮಾನರು ಈಗಲೂ ನೆನಪಿಸುತ್ತಾರೆ. ಪ್ರತ್ಯೇಕ ಖಾತೆ ತೆರೆಯಿರಿ ಎಂದು ನಾನು ಮೊದಲ ದಿನವೇ ಹೇಳುವುದು ಅದಕ್ಕೇ.

ಯುವಕ ಮಂಡಲಗಳದು ಇನ್ನೊಂದು ಪಾಡು. ಸಂಜೆ ಕಬಡ್ಡಿ, ರಾತ್ರಿ ವೇಷವಿಲ್ಲದೆ ಕುಳಿತು ನಡೆಸುವ ತಾಳಮದ್ದಳೆ, ಎರಡಕ್ಕೂ ಅದೇ ಹುಡುಗರು. ಸಂವಿಧಾನದ ರಾಜ್ಯ ಪಟ್ಟಿಯಲ್ಲಿ 33ನೆಯ ನಮೂದು ರಂಗಭೂಮಿಯನ್ನೂ ಕ್ರೀಡೆಯನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ದೆಹಲಿಯಲ್ಲಿ ಮಾತ್ರ ಅವು ಬೇರೆ ಬೇರೆ ಬಾಗಿಲು. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಹುಟ್ಟಿದ ಕ್ರೀಡಾ ಇಲಾಖೆಗೆ 1985ರಲ್ಲಿ ಯುವಜನ ವ್ಯವಹಾರ ಸೇರಿತು, 2000ದಲ್ಲಿ ಅದೇ ಸ್ವತಂತ್ರ ಸಚಿವಾಲಯವಾಯಿತು. ಸಂಸ್ಕೃತಿಗೆ ಬೇರೆಯೇ ಸಚಿವಾಲಯ. ಬೆಂಗಳೂರಿನಲ್ಲೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಒಂದು, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಇನ್ನೊಂದು. ಕಬಡ್ಡಿಯ ಮ್ಯಾಟಿಗೆ ಬಂದ ಹಣದಲ್ಲಿ ಚೆಂಡೆಗೆ ಚರ್ಮ ಹಾಕಿಸಿದರೆ ಊರಿನಲ್ಲಿ ಯಾರೂ ತಪ್ಪೆನ್ನಲಾರರು. ನಾನು ಎನ್ನಲೇಬೇಕಾಗುತ್ತದೆ.

ಈಗ ನಾನು ಮೇಳಗಳಿಗೆ ಹೇಳುವುದಿಷ್ಟು: ಮಾರ್ಚ್ 31ರ ರಾತ್ರಿ ಆಟವಿದ್ದರೂ ಸರಿ, ಅಂದಿನ ನಗದು ಪುಸ್ತಕಕ್ಕೆ ಗೆರೆ ಎಳೆಯಿರಿ. ಸಂಭಾವನೆಯನ್ನು ಬ್ಯಾಂಕಿನ ಮೂಲಕವೇ ಕೊಡಿ. ಶಿಷ್ಯರ ಹಾಜರಿಯನ್ನು ಬಣ್ಣ ಹಚ್ಚುವ ಚೌಕಿಯಲ್ಲೇ ಬರೆಸಿಕೊಳ್ಳಿ, ಮನೆಗೆ ಹೋಗಿ ನೆನಪಿನಿಂದ ಬೇಡ. ಈ ಕೊನೆಯದನ್ನು ಒಂದು ಮೇಳ ಶ್ರದ್ಧೆಯಿಂದ ಪಾಲಿಸುತ್ತಿದೆ. ಅವರ ಹಾಜರಿ ಪುಸ್ತಕದ ಹಲವು ಪುಟಗಳಲ್ಲಿ ಸಹಿಯ ಪಕ್ಕ ಮುಖಕ್ಕೆ ಹಚ್ಚುವ ಇಂಗಳೀಕದ ಕೆಂಪು ಬೆರಳಚ್ಚು ಮೂಡಿರುತ್ತದೆ. ಅವನ್ನು ಹಾಗೆಯೇ ನಕಲು ತೆಗೆಸಿ ಕಡತಕ್ಕೆ ಲಗತ್ತಿಸುತ್ತೇನೆ. ಇದುವರೆಗೆ ಯಾರೂ ಆಕ್ಷೇಪಿಸಿಲ್ಲ.