ನನ್ನ ದುಡ್ಡಲ್ಲಿ ನಾನು ಫ್ರಿಜ್ ತಂದರೆ ಇವರಿಗೇನು?

ಪ್ರಶ್ನೆ: ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡ್ತೀನಿ. ಹೋದ ತಿಂಗಳು ಕಂತಿನಲ್ಲಿ ಒಂದು ಫ್ರಿಜ್ ತಗೊಂಡೆ. ವಾರಗಿತ್ತಿಯಿಂದ ಹಿಡಿದು ಮನೆ ಓನರ್‌ವರೆಗೆ ಎಲ್ಲರದ್ದೂ ಒಂದೇ ಮಾತು, "ನಿಂಗ್ಯಾಕೆ ಬೇಕಿತ್ತು ಇದೆಲ್ಲ?" ನಾನು ಯಾರ ಹತ್ತಿರಾನೂ ಕೈಚಾಚಿಲ್ಲ. ಇವರಿಗೆ ಯಾಕೆ ಇಷ್ಟು ಹೊಟ್ಟೆಯುರಿ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತದೆ. ಮಗಳ ಮದುವೆ ಸರಳವಾಗಿ ಮಾಡಿದರೆ ಜಿಪುಣರು ಅನ್ನುತ್ತಾರೆ. ಜೋರಾಗಿ ಮಾಡಿದರೆ ಬುದ್ಧಿ ಇಲ್ಲದವರು ಅನ್ನುತ್ತಾರೆ. ಹೇಗೆ ಮಾಡಿದರೂ ಮಾತು ತಪ್ಪಿದ್ದಲ್ಲ. ಆದರೆ ಆ ಮಾತುಗಳೆಲ್ಲ ಒಂದೇ ಕಡೆಯಿಂದ ಹುಟ್ಟುವುದಿಲ್ಲ. ಎಲ್ಲವನ್ನೂ ಹೊಟ್ಟೆಯುರಿ ಎಂದು ತಳ್ಳಿಹಾಕುವ ಮೊದಲು ಸ್ವಲ್ಪ ಬಿಡಿಸಿ ನೋಡೋಣ.

ನಮ್ಮ ಹಳ್ಳಿಗಳಲ್ಲಿ ಪಕ್ಕದ ಮನೆಯ ಖರ್ಚು ನಿಜವಾಗಿಯೂ ನಮ್ಮ ವಿಷಯವಾಗಿತ್ತು. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಓದಿಸಿದರು ಎಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಅವರ ಮನೆಯ ಮದುವೆಗೆ ಅಷ್ಟನ್ನಾದರೂ ತಿರುಗಿಸಬೇಕು. ನಾಟಿಗೆ, ಕಳೆ ಕೀಳುವುದಕ್ಕೆ ಮುಯ್ಯಾಳು. ಇಂದು ನಾನು ನಿಮ್ಮ ಗದ್ದೆಗೆ, ನಾಳೆ ನೀವು ನನ್ನ ಗದ್ದೆಗೆ. ಹೀಗೆ ಒಬ್ಬರಿಗೊಬ್ಬರು ಹೆಣೆದುಕೊಂಡಿದ್ದಾಗ, ಒಂದು ಮನೆ ದುಂದು ಮಾಡಿ ಕೈ ಬರಿದು ಮಾಡಿಕೊಂಡರೆ ಅದರ ಭಾರ ಅಕ್ಕಪಕ್ಕದವರ ಮೇಲೂ ಬೀಳುತ್ತಿತ್ತು. ಮಹಿಳಾ ಸಂಘದ ಸಾಲದಲ್ಲಿ ಈಗಲೂ ಹಾಗೇ ಇದೆ. ಒಬ್ಬರು ಕಂತು ಕಟ್ಟದಿದ್ದರೆ ಉಳಿದವರು ಸೇರಿಸಿ ಕಟ್ಟಬೇಕಾಗುತ್ತದೆ. ಸಂಘದ ಸಾಲ ತಂದು ಏನು ಮಾಡಿದೆ ಎಂದು ಅವರು ಕೇಳಿದರೆ ಅದರಲ್ಲಿ ತಪ್ಪಿಲ್ಲ.

ಹಾಗಾಗಿ ಮೊದಲು ಇದನ್ನು ಯೋಚಿಸಿ. ನಿಮ್ಮ ಫ್ರಿಜ್ ಕಂತು ತಪ್ಪಿದರೆ ಯಾರಿಗೆ ತೊಂದರೆ? ಬಾಡಿಗೆ ತಡವಾಗಬಹುದು ಎಂಬ ಭಯ ಮನೆ ಓನರ್‌ಗೆ ಇರಬಹುದು. ಬಾಡಿಗೆ ಸರಿಯಾಗಿ ಕೊಡುತ್ತಿದ್ದರೆ ಅವರ ಲೆಕ್ಕ ಅಲ್ಲಿಗೆ ಮುಗಿಯಿತು.

ವಾರಗಿತ್ತಿಯದು ಬೇರೆ ಕಥೆ. ದಾಯಾದಿ ಮತ್ಸರ ಎಂಬ ಮಾತು ನಮ್ಮಲ್ಲಿ ಸುಮ್ನೆ ಹುಟ್ಟಿಲ್ಲ. ಕೋಟ್ಯಧಿಪತಿಯ ಬಂಗಲೆ ನೋಡಿದರೆ ನಮಗೆ ಏನೂ ಅನ್ನಿಸುವುದಿಲ್ಲ. ಒಂದೇ ಮನೆಗೆ ಸೊಸೆಯಾಗಿ ಬಂದವಳು, ನಮ್ಮಷ್ಟೇ ದುಡಿಯುವವಳು ಏನಾದರೂ ತಂದರೆ ಚುಚ್ಚುತ್ತದೆ. ಜನ ತಮ್ಮನ್ನು ತಮ್ಮಂಥವರ ಜೊತೆಗೇ ಹೋಲಿಸಿಕೊಳ್ಳುತ್ತಾರೆ ಎಂದು ಲಿಯಾನ್ ಫೆಸ್ಟಿಂಗರ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲೇ ಬರೆದಿದ್ದರು. "ಅವಳಿಗೆ ಆಯ್ತು, ನನಗೆ ಯಾಕೆ ಆಗಲಿಲ್ಲ?" ಎಂಬ ನೋವು ಬಾಯಿಗೆ ಬರುವಾಗ "ನಿಂಗ್ಯಾಕೆ ಬೇಕಿತ್ತು?" ಎಂದಾಗುತ್ತದೆ. ಇದನ್ನು ಕ್ಷಮಿಸಬಹುದು ಅಂತ ನನಗೆ ಅನ್ನಿಸುತ್ತದೆ.

ಆದರೆ ಆ ಮಾತಿನಲ್ಲಿ "ನಿಂಗೆ" ಅನ್ನುವುದೊಂದು ಇದೆಯಲ್ಲ, ಅದರ ಬಗ್ಗೆ ನನಗೆ ನಿಜವಾಗಿಯೂ ಬೇಸರವಿದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಅನ್ನುವ ಗಾದೆ ನಮಗೆಲ್ಲ ಗೊತ್ತು. ಕೊಡೆ ಒಂದು ಕಾಲಕ್ಕೆ ದೊಡ್ಡವರ ಗುರುತು. ಕೆಳಗಿನವರೆಂದು ಕರೆಸಿಕೊಂಡವರು ಅದನ್ನು ಹಿಡಿಯಬಾರದು ಎಂಬ ಕಟ್ಟುಪಾಡು ತಿರುವಾಂಕೂರಿನಂಥ ಕಡೆ ಇತ್ತು. ಅದು ಗೊತ್ತಾದ ಮೇಲೆ ಆ ಗಾದೆಯನ್ನು ನಾನು ಬಳಸುವುದಿಲ್ಲ. ಅಂಬೇಡ್ಕರ್ 1936ರಲ್ಲಿ 'ಜಾತಿ ವಿನಾಶ'ದ ಭಾಷಣ ಬರೆದಾಗ ಈಗಿನ ರಾಜಸ್ಥಾನದಲ್ಲಿದ್ದ ಜಯಪುರ ಸಂಸ್ಥಾನದ ಚಕ್ವಾರಾ ಎಂಬ ಹಳ್ಳಿಯ ಘಟನೆಯನ್ನು ದಾಖಲಿಸಿದರು. ಯಾತ್ರೆ ಮುಗಿಸಿ ಬಂದ ದಲಿತರೊಬ್ಬರು ತಮ್ಮವರಿಗೆ ಊಟ ಹಾಕಿಸಿದರು. ಅಡುಗೆಗೆ ತುಪ್ಪ ಬಳಸಿದ್ದರು. ಎಲ್ಲರೂ ಉಣ್ಣುತ್ತಿರುವಾಗ ಸವರ್ಣೀಯರು ನೂರಾರು ಜನ ದೊಣ್ಣೆ ಹಿಡಿದು ಬಂದು ಅಡುಗೆ ಹಾಳುಮಾಡಿ, ಉಣ್ಣುತ್ತಿದ್ದವರನ್ನು ಹೊಡೆದರು. ತುಪ್ಪ ಊಟ ಹಾಕಿಸಿದವರದ್ದೇ ದುಡ್ಡಿನದು. ಯಾರಿಗೂ ಒಂದು ಪೈಸೆ ನಷ್ಟವಾಗಿರಲಿಲ್ಲ. ತುಪ್ಪ ತಿನ್ನುವುದು ತಮಗೆ ಮಾತ್ರ ಸಲ್ಲಬೇಕು ಎಂಬುದೇ ಸವರ್ಣೀಯರ ಸಿಟ್ಟಿಗೆ ಕಾರಣ.

ನಿಮ್ಮ ಫ್ರಿಜ್ಜಿಗೆ ಯಾರೂ ದೊಣ್ಣೆ ತಂದಿಲ್ಲ, ನಿಜ. ಆದರೂ ಯಾರಿಗೆ ಏನು ಸಲ್ಲುತ್ತದೆ ಎಂಬ ಆ ಹಳೆ ಪಟ್ಟಿ ನಮ್ಮ ತಲೆಯಲ್ಲಿ ಇನ್ನೂ ಇದೆ. ಬೇರೆ ದೇಶದಲ್ಲೂ ಇದೆ. ಅಮೆರಿಕದಲ್ಲಿ ಸೆರೀನಾ ಹ್ಯಾಗರ್ಟಿ ಮತ್ತು ಕೇಟ್ ಬರಾಸ್ ಎಂಬ ಸಂಶೋಧಕಿಯರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ವಸ್ತು ಒಂದೇ ಆದರೂ, ಕೊಂಡವರ ಆದಾಯ ಕಡಿಮೆ ಎಂದು ತಿಳಿದಾಗ ಜನ ಅದನ್ನು ಹೆಚ್ಚು ತಪ್ಪಾಗಿ ಕಂಡರು. ಬಡವರಿಗೆ ಅದರ ಅಗತ್ಯವೇ ಅಷ್ಟಿಲ್ಲ ಎಂದು ಭಾವಿಸಿದರು.

ನಿಮ್ಮ ವಿಷಯದಲ್ಲಿ ಅದು ಪೂರ್ತಿ ತಿರುಗುಮುರುಗು. ಬೆಳಿಗ್ಗೆ ಎದ್ದು ಅಡುಗೆ ಮುಗಿಸಿ, ಮಕ್ಕಳ ಡಬ್ಬಿ ಕಟ್ಟಿ, ಫ್ಯಾಕ್ಟರಿ ಗೇಟ್ ಮುಚ್ಚುವುದರೊಳಗೆ ಓಡಬೇಕು. ಭಾನುವಾರ ರುಬ್ಬಿದ ದೋಸೆ ಹಿಟ್ಟು ಬುಧವಾರದವರೆಗೆ ಕೆಡದೆ ಇದ್ದರೆ ನಿಮಗೆ ಅಷ್ಟು ನಿದ್ದೆ ಉಳಿಯುತ್ತದೆ. ಮನೆಯಲ್ಲೇ ಇರುವವರಿಗಿಂತ ನಿಮಗೇ ಫ್ರಿಜ್ ಜಾಸ್ತಿ ಬೇಕು, ಅಲ್ವಾ?

ಗೃಹಲಕ್ಷ್ಮಿ ದುಡ್ಡಿನ ಬಗ್ಗೆ ಕೇಳಿಬರುವ ಮಾತೂ ಇದೇ ಜಾತಿಯದು. 2023ರ ಆಗಸ್ಟ್‌ನಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಯೋಜನೆ ಶುರುವಾದಾಗಿನಿಂದ, "ನಮ್ಮ ತೆರಿಗೆ ದುಡ್ಡಲ್ಲಿ ಸೀರೆ ತಗೊಳ್ತಾರೆ" ಎನ್ನುವವರು ಇದ್ದಾರೆ. ಹಳೆ ತೆರಿಗೆ ಪದ್ಧತಿಯಲ್ಲಿ ಸ್ವಂತ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷ ರೂಪಾಯಿವರೆಗೆ ಆದಾಯದಲ್ಲಿ ಕಡಿತ ಸಿಗುತ್ತದೆ. ಅದರಿಂದಲೂ ಸರ್ಕಾರಕ್ಕೆ ಬರುವ ತೆರಿಗೆ ಕಡಿಮೆಯಾಗುತ್ತದೆ. ಹಾಗೆ ತೆರಿಗೆ ಉಳಿಸಿದವರನ್ನು, ಆ ದುಡ್ಡಲ್ಲಿ ಏನು ಕೊಂಡಿರಿ ಎಂದು ಯಾರೂ ಕೇಳುವುದಿಲ್ಲ. ಬಡವರ ಕೈಗೆ ದುಡ್ಡು ಕೊಟ್ಟರೆ ಕುಡಿತಕ್ಕೆ ಹೋಗುತ್ತದೆ ಎಂಬ ಮಾತನ್ನೂ ಪರೀಕ್ಷಿಸಿ ನೋಡಿದ್ದಾರೆ. ವಿಶ್ವ ಬ್ಯಾಂಕಿನ ಡೇವಿಡ್ ಇವಾನ್ಸ್ ಮತ್ತು ಆನಾ ಪೊಪೊವಾ 2014ರಲ್ಲಿ ಲ್ಯಾಟಿನ್ ಅಮೆರಿಕ, ಆಫ್ರಿಕಾ, ಏಷ್ಯಾದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಇಂಥ ಹಣದಿಂದ ಹೆಂಡ, ತಂಬಾಕಿನ ಖರ್ಚು ಒಟ್ಟಾರೆ ಹೆಚ್ಚಾಗಿದ್ದು ಕಾಣಲಿಲ್ಲ.

ಖರ್ಚಿನ ಮಾತಾಯಿತು, ಇನ್ನು ದುಡ್ಡು ಹೇಗೆ ಬಂತು ಎಂಬ ದುಡಿಮೆಯ ಮಾತು. ಇಲ್ಲಿ ನಾವು ತೂಗಿ ನೋಡುವುದು ಬೇಕು ಎಂದೇ ನಾನು ನಂಬುತ್ತೇನೆ, ಏಕೆಂದರೆ ಒಬ್ಬರ ಗಳಿಕೆ ಇನ್ನೊಬ್ಬರ ನಷ್ಟವಾಗಬಹುದು. ಆದರೆ ನಮ್ಮ ತಕ್ಕಡಿ ಸರಿಯಿಲ್ಲ. ಗಂಡು ನೋಡಲು ಹೋದಾಗ ಸಂಬಳದ ಜೊತೆ ಗಿಂಬಳ ಎಷ್ಟು ಎಂದು ವಿಚಾರಿಸುವ ಹಿರಿಯರನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದೇ ಹಿರಿಯರು ರಸ್ತೆ ಗುಡಿಸುವ ಪೌರಕಾರ್ಮಿಕರಿಗೆ ಒಳಗೆ ಕರೆದು ನೀರು ಕೊಡುವುದಿಲ್ಲ.

ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಜಾಸ್ತಿ ತಂದ. ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ, ಹೆಚ್ಚಿನ ಅಕ್ಕಿಯನ್ನು ಅಲ್ಲೇ ಸುರಿದು ಬಾ ಎಂದು ಗಂಡನನ್ನು ವಾಪಸ್ ಕಳಿಸಿದಳು. ಲಕ್ಕಮ್ಮ ಅಳೆದದ್ದು ತನ್ನ ಮನೆಗೆ ಬಂದ ಅಕ್ಕಿಯನ್ನು, ಪಕ್ಕದ ಮನೆಯದನ್ನಲ್ಲ.

ನೀವು ಏನು ಮಾಡಬಹುದು? ಓನರ್‌ಗೆ ಉತ್ತರ ಕೊಡಬೇಕಾಗಿಲ್ಲ. ಬಾಡಿಗೆ ಹೊತ್ತಿಗೆ ಸರಿಯಾಗಿ ಕೊಡಿ, ಸಾಕು. ವಾರಗಿತ್ತಿಯ ಜೊತೆ ಮಾತ್ರ ಮಾತು ಬಿಡಬೇಡಿ. ಮುಂದಿನ ಭಾನುವಾರ ಹಿಟ್ಟು ರುಬ್ಬುವಾಗ, "ನಿಮ್ಮ ಮನೇದೂ ಒಂದು ಡಬ್ಬಿ ಇಡ್ಲಾ ಅಕ್ಕ, ಒಳಗೆ ಜಾಗ ಇದೆ" ಎಂದು ಕೇಳಿ ನೋಡಿ.